ಅದೇ ಬ್ಯಾಟ್‌ಮ್ಯಾನ್ ಕಥೆ ಎಷ್ಟು ಸಲ ಓದ್ತೀಯ?

ಈ ಪ್ರಶ್ನೆಯನ್ನು ಮದುವೆ ಮನೆಯಲ್ಲಿ ಕೇಳಿದ್ದಾರೆ. ಆಫೀಸ್ ಕ್ಯಾಂಟೀನಿನಲ್ಲಿ ಕೇಳಿದ್ದಾರೆ. ಮೆಟ್ರೋದಲ್ಲಿ ಪಕ್ಕ ಕೂತಿದ್ದವರೊಬ್ಬರು ಇಣುಕಿ ನೋಡಿ ಕೇಳಿದ್ದಾರೆ. ಹೋದ ಭಾನುವಾರ ಬನಶಂಕರಿಯ ಅಕ್ಕನ ಮನೆಯಲ್ಲಿ ನಮ್ಮ ಬಾವನೂ ಕೇಳಿದರು. ಊಟ ಮುಗಿಸಿ ನಾನು ಸೋಫಾ ಮೇಲೆ ಕಾಲು ಚಾಚಿಕೊಂಡು ಕಾಮಿಕ್ಸ್ ಹಿಡಿದಿದ್ದೆ. ಬಾವ ಎಲೆಗೆ ಸುಣ್ಣ ಹಚ್ಚುತ್ತಾ ಕನ್ನಡಕದ ಮೇಲಿಂದ ನೋಡಿದರು.

"ಅಲ್ಲಯ್ಯ, ನೀನು ಹೈಸ್ಕೂಲಲ್ಲಿದ್ದಾಗಲೂ ಇದೇ ಬ್ಯಾಟ್‌ಮ್ಯಾನು. ಈಗ ತಲೆ ಬೆಳ್ಳಗಾಗ್ತಾ ಬಂತು, ಈಗಲೂ ಇದೇನಾ? ಅದೇ ಕಥೆ ಎಷ್ಟು ಸಲ ಓದ್ತೀಯ?"

ಬಾವ ಹೇಳಿದ್ದು ತಪ್ಪೇನಲ್ಲ. ಸೂಪರ್‌ಮ್ಯಾನ್ ಬಂದಿದ್ದು 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ, ಸ್ಪೈಡರ್‌ಮ್ಯಾನ್ 1962ರಲ್ಲಿ. ಅವತ್ತಿಂದ ಸತ್ತವರು ಎದ್ದು ಬರುತ್ತಲೇ ಇದ್ದಾರೆ. ಯಾರಿಗೂ ವಯಸ್ಸಾಗುವುದಿಲ್ಲ. ಸ್ಪೈಡರ್‌ಮ್ಯಾನ್‌ಗೆ ಮದುವೆ ಆಗಿತ್ತು, 2007ರಲ್ಲಿ ಆ ಮದುವೆಯೇ ಆಗಿಲ್ಲ ಅಂತ ಮಾಡಿಬಿಟ್ಟರು! ನಾನೂ ಬೇಜಾರಾಗಿ ಐದಾರು ವರ್ಷ ಬಿಟ್ಟಿದ್ದೆ. ಮತ್ತೆ ಹುಚ್ಚು ಹಿಡಿಸಿದ್ದು 2024ರಿಂದ ಈಚೆಗೆ ಬಂದ ಕೆಲವು ಸಂಚಿಕೆಗಳು.

ನನ್ನ ಉತ್ತರ ಇಷ್ಟು: ಕಥೆ ಅದೇ, ನಿಜ. ಈ ಸಲ ಬರೆಯೋರು ನಾಯಕನ ಕೈಯಿಂದ ಏನು ಕಿತ್ತುಕೊಂಡರು ಅಂತ ನೋಡೋಕೆ ಓದುತ್ತೇನೆ.

'ಆಬ್ಸಲ್ಯೂಟ್ ಬ್ಯಾಟ್‌ಮ್ಯಾನ್' ತಗೊಳ್ಳಿ. ಬ್ಯಾಟ್‌ಮ್ಯಾನ್ ಕಾಮಿಕ್ಸ್ ಪ್ರಕಟಿಸುವ ಡಿಸಿ ಕಂಪನಿಯವರು 2024ರ ಅಕ್ಟೋಬರಿನಲ್ಲಿ ಶುರು ಮಾಡಿದ್ದು. ಬರೆಯೋದು ಸ್ಕಾಟ್ ಸ್ನೈಡರ್, ಚಿತ್ರ ನಿಕ್ ಡ್ರಗೋಟಾ. ಹಳೆಯ ಕಥೆಯ ಬ್ಯಾಟ್‌ಮ್ಯಾನ್, ಅಂದರೆ ಬ್ರೂಸ್ ವೇನ್, ಆಗರ್ಭ ಶ್ರೀಮಂತ. ಇಲ್ಲಿನ ಬ್ರೂಸ್ ಹತ್ತಿರ ದುಡ್ಡಿಲ್ಲ. ಬಂಗಲೆ ಇಲ್ಲ, ಆಳುಕಾಳು ಇಲ್ಲ. ಅಪ್ಪ ಡಾಕ್ಟರ್ ಅಲ್ಲ, ಸ್ಕೂಲ್ ಮೇಷ್ಟ್ರು. ಮಕ್ಕಳನ್ನು ಝೂ ತೋರಿಸೋಕೆ ಕರೆದುಕೊಂಡು ಹೋದಾಗ ಒಬ್ಬ ಬಂದೂಕು ಹಿಡಿದು ಗುಂಡು ಹಾರಿಸುತ್ತಾನೆ. ಮೇಷ್ಟ್ರು ಮಕ್ಕಳನ್ನು ಉಳಿಸಿ ತಾವು ಸಾಯುತ್ತಾರೆ. ಹಳೆಯ ಕಥೆಯಲ್ಲಿ ಅಪ್ಪನ ಜೊತೆಗೇ ಸಾಯುವ ಅಮ್ಮ ಇಲ್ಲಿ ಬದುಕಿದ್ದಾಳೆ. ಮಗ ಕಷ್ಟಪಟ್ಟು ಓದಿ ಸಿವಿಲ್ ಇಂಜಿನಿಯರ್ ಆಗಿದ್ದಾನೆ. ಹಳೆಯ ಕಥೆಯ ಮನೆಯಾಳು ಆಲ್ಫ್ರೆಡ್ ಇಲ್ಲಿ ಕಾಫಿ ತಂದುಕೊಡುವವನಲ್ಲ, ಇವನ ಮೇಲೆ ಕಣ್ಣಿಡಲು ಬಂದ ಬೇಹುಗಾರ. ದುಡ್ಡೆಲ್ಲ ಬ್ಯಾಟ್‌ಮ್ಯಾನ್‌ನ ಕಡುವೈರಿ, ಸದಾ ನಗುವ ಜೋಕರ್ ಹತ್ತಿರ ಇದೆ, ಆದರೆ ಅವನು ನಗುವುದೇ ಇಲ್ಲ.

ಮೊದಲು ನೋಡಿದಾಗ ನನಗೆ ನಗು ಬಂತು. ಆಳು ಲಾರಿಯಷ್ಟು ಅಗಲ. ಎದೆ ಮೇಲಿನ ಬಾವಲಿ ಗುರುತು ಕಿತ್ತು ಕೈಗೆ ತಗೊಂಡರೆ ಕೊಡಲಿ! ಆದರೆ ಓದುತ್ತಾ ಹೋದಂತೆ ಹಿಡಿದುಕೊಳ್ಳುತ್ತದೆ. ಹಳೆಯ ಬ್ಯಾಟ್‌ಮ್ಯಾನ್‌ಗೆ ಕಾರು ಹೋದರೆ ಇನ್ನೊಂದು ಕಾರು. ಇವನಿಗೆ ಹೋದದ್ದು ಹೋಯಿತು. ಪೆಂಗ್ವಿನ್, ರಿಡ್ಲರ್, ಕಿಲ್ಲರ್ ಕ್ರಾಕ್ ಅಂತ ನಾವು ಯಾರನ್ನು ವಿಲನ್ ಅಂದುಕೊಂಡಿದ್ದೆವೋ ಅವರೆಲ್ಲ ಇಲ್ಲಿ ಇವನ ಜೊತೆ ಬೆಳೆದ ಗೆಳೆಯರು. ಒಟ್ಟಿಗೆ ಕೂತು ಇಸ್ಪೀಟು ಆಡುತ್ತಾರೆ. ಇವನಿಗಿರುವ ಆಸ್ತಿ ಅಂದರೆ ಅವರೇ. ಬೇನ್ ಅನ್ನೋ ದೈತ್ಯ ವಿಲನ್ ಬಂದ ಮೇಲೆ ಆ ಗೆಳೆಯರಿಗೆ ಏನಾಗುತ್ತದೆ ಅಂತ ಹೇಳಲ್ಲ. ಓದಿ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಬಾಲ್ಕನಿಯಲ್ಲಿ ನಿಂತಿದ್ದೆ. ರಕ್ತ ಮಾಂಸ ಸ್ವಲ್ಪ ಜಾಸ್ತಿಯೇ ಆಯ್ತು ಅನ್ನೋದು ಬೇರೆ ಮಾತು. ಮಕ್ಕಳ ಕೈಗೆ ಮಾತ್ರ ಕೊಡಬೇಡಿ.

ಹಳೆ ಕಥೆಯನ್ನೇ ತಿರುಗಿಸಿ ಹೇಳೋದು ಅಮೆರಿಕದವರು ಕಂಡುಹಿಡಿದ ವಿದ್ಯೆಯೇನಲ್ಲ. ಪಂಪ 941ರಲ್ಲಿ ಭಾರತ ಬರೆದಾಗ ಅರ್ಜುನನನ್ನು ನಾಯಕ ಮಾಡಿದ. ರನ್ನ ಭೀಮನ ಕಡೆ ತಿರುಗಿದ. ಕುಮಾರವ್ಯಾಸನಂತೂ ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದ ಅಂತ ಗೇಲಿ ಮಾಡಿದವನು. ನಮ್ಮ ಬಾವನ ಪ್ರಶ್ನೆಯೇ ಅಲ್ವಾ ಅದು? ಅಷ್ಟೆಲ್ಲ ಹೇಳಿ ಅವನು ಹೊಸ ಕಥೆ ಬರೆದನಾ? ಇಲ್ಲ. ಪಂಪ ಬರೆದು ಸುಮಾರು ಐನೂರು ವರ್ಷ ಆಗಿದ್ದ ಅದೇ ಭಾರತವನ್ನು ಕೃಷ್ಣನ ಕಥೆಯಾಗಿ ಹೇಳಿದ.

ಡಿಸಿಯ ಎದುರಾಳಿ, ಸ್ಪೈಡರ್‌ಮ್ಯಾನ್ ಪ್ರಕಟಿಸುವ ಮಾರ್ವೆಲ್‌ನವರು ಉಲ್ಟಾ ಹೊಡೆದರು. ಕಿತ್ತುಕೊಳ್ಳುವ ಬದಲು ಕೊಟ್ಟರು. 2024ರ ಜನವರಿಯಲ್ಲಿ ಶುರುವಾದ 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್'ನಲ್ಲಿ ಪೀಟರ್‌ಗೆ (ಸ್ಪೈಡರ್‌ಮ್ಯಾನ್‌ನ ನಿಜವಾದ ಹೆಸರು) ಹೆಂಡತಿ ಇದ್ದಾಳೆ, ಇಬ್ಬರು ಮಕ್ಕಳಿದ್ದಾರೆ. ಅರವತ್ತು ವರ್ಷದಿಂದ ಸಾಯುತ್ತಲೇ ಇದ್ದ ಅಂಕಲ್ ಬೆನ್, ಪೀಟರನನ್ನು ಸಾಕಿದ ಚಿಕ್ಕಪ್ಪ, ಕೂಡ ಬದುಕಿದ್ದಾನೆ. ಇಲ್ಲದಿರೋದು ಜೇಡ ಕಚ್ಚಿ ಬರುವ ಶಕ್ತಿ ಮಾತ್ರ. ಅದು ಸಿಗೋದು ಮೂವತ್ತೈದರ ಹೊತ್ತಿಗೆ, ಅದೂ ತಾನೇ ಬೇಕು ಅಂತ ಕಚ್ಚಿಸಿಕೊಂಡು. ಕೆಲಸ, ಮನೆ, ಮಕ್ಕಳು ಎಲ್ಲ ಇದ್ದೂ ಏನೋ ಒಂದು ತಪ್ಪಿಹೋಯಿತಲ್ಲ ಅಂತ ರಾತ್ರಿ ಎಚ್ಚರವಾಗುವವನ ಕಥೆ. ಜೊನಾಥನ್ ಹಿಕ್‌ಮನ್ ಬರೆದ ಮೊದಲ ಸಂಚಿಕೆಯಲ್ಲಿ ಹೊಡೆದಾಟವೇ ಇಲ್ಲ ಅನ್ನಬಹುದು, ಬರೀ ಮಾತು. ನನಗೆ ಅದೇ ಇಷ್ಟ. ಆದರೆ ಇಲ್ಲಿ ಒಂದು ಸಂಚಿಕೆಯಿಂದ ಇನ್ನೊಂದಕ್ಕೆ ಕಥೆಯೊಳಗೂ ಒಂದು ತಿಂಗಳು ಕಳೆಯುತ್ತದೆ. ಹಾಗಾಗಿ ನಾವು ಕಾಯುತ್ತಿದ್ದ ಎಷ್ಟೋ ಸಂಗತಿ ನಮಗೆ ಕಾಣದ ಹಾಗೆ ನಡೆದುಹೋಗಿರುತ್ತದೆ. ನಡುವೆ ಕಥೆ ತೆವಳಿತು. ಚಿತ್ರಕಾರ ಮಾರ್ಕೊ ಕೆಕೆಟ್ಟೊ ಬದಲು ಬೇರೆಯವರು ಚಿತ್ರ ಬರೆದಾಗ ಪೀಟರ್ ಪಕ್ಕದ ಮನೆಯವನಂತೆ ಕಾಣುತ್ತಿದ್ದ.

'ಆಬ್ಸಲ್ಯೂಟ್ ವಂಡರ್ ವುಮನ್' ಬಗ್ಗೆ ಜಾಸ್ತಿ ಹೇಳಲ್ಲ, ಸುಮ್ನೆ ಓದಿ. ಅಮೆಜಾನ್ ಹೆಂಗಸರ ನಾಡಿನ ಬದಲು ನರಕದಲ್ಲಿ ಬೆಳೆದ ಹುಡುಗಿ, ಮೂಳೆಯ ಕುದುರೆ, ಆದರೂ ಮನಸ್ಸು ಬೆಣ್ಣೆ. 'ಆಬ್ಸಲ್ಯೂಟ್ ಸೂಪರ್‌ಮ್ಯಾನ್' ನನಗೆ ಅಷ್ಟು ಹಿಡಿಸಲಿಲ್ಲ. ಹಿಂದೆ ಮುಂದೆ ಜಿಗಿದು ತಲೆ ಕೆಡಿಸಿತು. 2025ರಲ್ಲಿ ಬ್ಯಾಟ್‌ಮ್ಯಾನ್ ಮತ್ತು ಮಾರ್ವೆಲ್‌ನ ಬಾಯಿಬಡುಕ ನಾಯಕ ಡೆಡ್‌ಪೂಲ್‌ನನ್ನು ಸೇರಿಸಿ ಡಿಸಿ, ಮಾರ್ವೆಲ್ ಇಬ್ಬರೂ ಒಂದೊಂದು ಪುಸ್ತಕ ತಂದರು. ಆರತಕ್ಷತೆ ಊಟ ಇದ್ದ ಹಾಗೆ. ಐಟಂ ಬಹಳ, ಮನೆಗೆ ಬಂದ ಮೇಲೆ ಏನು ತಿಂದೆ ಅಂತ ನೆನಪಿಲ್ಲ.

ನಿಜವಾಗಿ ರೇಗೋದು ಬೆಲೆಗೆ. ಆಬ್ಸಲ್ಯೂಟ್ ಸಂಚಿಕೆ ಒಂದಕ್ಕೆ 4.99 ಡಾಲರ್. ನಮ್ಮ ಲೆಕ್ಕದಲ್ಲಿ ನಾನೂರು ರೂಪಾಯಿ ದಾಟುತ್ತದೆ, ಓದಿ ಮುಗಿಸೋಕೆ ವಿಜಯನಗರದಿಂದ ಮೆಜೆಸ್ಟಿಕ್‌ವರೆಗಿನ ಮೆಟ್ರೋ ದಾರಿ ಸಾಕು. ಮೇಲಿಂದ ಒಂದೇ ಸಂಚಿಕೆಗೆ ಹತ್ತಾರು ಬಗೆಯ ಮುಖಪುಟ. ಒಳಗೆ ಎಲ್ಲ ಒಂದೇ! ನಾನು ಐದಾರು ಸಂಚಿಕೆ ಸೇರಿಸಿ ಬರುವ ಸಂಪುಟಕ್ಕೆ ಕಾಯುತ್ತೇನೆ. ಒಮ್ಮೆ ಆನ್‌ಲೈನಲ್ಲಿ ತರಿಸಿದ್ದು ಮೂಲೆ ಮಡಚಿಕೊಂಡು, ದೋಸೆ ಥರ ಸುರುಳಿಯಾಗಿ ಬಂತು. ಆಮೇಲೆ ಚರ್ಚ್ ಸ್ಟ್ರೀಟಿಗೇ ಹೋಗುತ್ತೇನೆ. ಬ್ಲಾಸಮ್, ಬುಕ್‌ವರ್ಮ್ ಪುಸ್ತಕದಂಗಡಿಗಳೆರಡೂ ಅಲ್ಲೇ ಇವೆ. ಕೈಯಲ್ಲಿ ಹಿಡಿದು ನೋಡಬಹುದು.

ಇದನ್ನೆಲ್ಲ ಬಾವನಿಗೂ ಹೇಳಿದೆ. ಪಂಪನವರೆಗೂ ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅವರು ಮೂವತ್ತು ವರ್ಷ ಸರ್ಕಾರಿ ಇಂಜಿನಿಯರ್ ಆಗಿದ್ದವರು.

"ಏನಂದೆ, ಬ್ಯಾಟ್‌ಮ್ಯಾನ್ ಸಿವಿಲ್ಲಾ? ಕೊಡು ಇಲ್ಲಿ."

ಸಂಜೆ ಕಾಫಿ ಹೊತ್ತಿಗೆ ಅರ್ಧ ಪುಸ್ತಕ ಮುಗಿಸಿದ್ದರು. ಕೊಡಲಿ ಬಗ್ಗೆ ಏನೂ ಹೇಳಲಿಲ್ಲ. ಜೋಕರ್ ಬಗ್ಗೆಯೂ ಇಲ್ಲ. ಕನ್ನಡಕ ತೆಗೆದು ಕೇಳಿದರು: "ರಾತ್ರಿಯೆಲ್ಲ ಹೀಗೆ ತಿರುಗಿದರೆ ಈ ಪುಣ್ಯಾತ್ಮ ಬೆಳಿಗ್ಗೆ ಸೈಟಿಗೆ ಎಷ್ಟೊತ್ತಿಗೆ ಬರ್ತಾನಯ್ಯ?"