ಬ್ಯಾನ್‌ಷಿ ಇಂಜಿನ್ ಜೋಡಿಸೋದು: ಅಲ್ಲೊಂದು ಇಲ್ಲೊಂದು ಸಿಕ್ಕ ಪಾರ್ಟ್ಸ್ ಕಥೆ

ಯಮಹಾ ಬ್ಯಾನ್‌ಷಿ ಗೊತ್ತಿಲ್ದೋರಿಗೆ ಮೊದ್ಲು ಹೇಳ್ಬಿಡ್ತೀನಿ. 1987ರಿಂದ 2006ರ ತನಕ ಅಮೆರಿಕದಲ್ಲಿ ಮಾರ್ತಿದ್ದ ಎಟಿವಿ ಅದು, ಅಂದ್ರೆ ಬೈಕ್ ಥರ ಕೂತು ಓಡಿಸೋ ನಾಲ್ಕು ಚಕ್ರದ ಗಾಡಿ, ವಾಟರ್ ಕೂಲ್ಡ್ ಟು ಸ್ಟ್ರೋಕ್, ಎರಡು ಸಿಲಿಂಡರ್, ಬೋರ್ (ಸಿಲಿಂಡರ್ ಒಳಗಿನ ಅಗಲ) 64 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡೋ ದೂರ) 54, ಒಟ್ಟು 347 ಸಿಸಿ. ಈ 64-54 ಲೆಕ್ಕ ಎಲ್ಲೋ ಕೇಳ್ದಂಗಿದ್ಯಲ್ಲ ಅನ್ಸಿದ್ರೆ ನೀವು ರಾಜ್‌ದೂತ್ 350 ಬಿಚ್ಚಿರೋರು. ಹೌದು, ರಾಜ್‌ದೂತ್ ಆಗಿ ನಮ್ಮಲ್ಲಿ ಬಂದ ಯಮಹಾ ಆರ್‌ಡಿ 350, ಅದೇ ವಂಶ. ನಾನು ಮೈಸೂರಲ್ಲಿ ಯಜ್ದಿ ಹೊಗೆ ಕುಡಿದು ಬೆಳೆದೋನು, ಮಿಷಿಗನ್‌ಗೆ ಬಂದು ಇಷ್ಟು ವರ್ಷ ಆದ್ಮೇಲೂ ಟು ಸ್ಟ್ರೋಕ್ ಸೌಂಡ್ ಕೇಳಿದ್ರೆ ಕಿವಿ ನೆಟ್ಟಗಾಗುತ್ತೆ, ಏನ್ಮಾಡೋದು.

ಎಮಿಷನ್ ರೂಲ್ಸ್ ಬಿಗಿಯಾದ್ಮೇಲೆ ಇಲ್ಲಿ ಹೊಸ ಬ್ಯಾನ್‌ಷಿ ನಿಂತೋಯ್ತು, ನಮ್ಮಲ್ಲಿ ಆರ್‌ಎಕ್ಸ್ 100ಗೆ ಆದಂಗೇನೇ, ಆಮೇಲೆ ರೇಟ್ ಏರಿದ್ದೂ ಥೇಟ್ ಹಂಗೇ. ಪೂರ್ತಿ ಗಾಡಿ ತಗೊಳೋಕೆ ಹೋದ್ರೆ ಜೇಬು ಖಾಲಿ. ಅದಕ್ಕೆ ನಾನು ಚಾಸಿ ಒಂದು ಕಡೆ, ಕೇಸ್ (ಇಂಜಿನ್ನಿನ ಕೆಳಗಿನ ಡಬ್ಬಿ) ಒಂದು ಕಡೆ, ಕ್ರಾಂಕ್ (ಪಿಸ್ಟನ್ ಓಟಕ್ಕೆ ತಿರುಗೋ ಶಾಫ್ಟ್) ಇನ್ಯಾರದೋ ಗ್ಯಾರೇಜಿಂದ, ಎರಡು ಸಿಲಿಂಡರ್ ಬೇರೆ ಬೇರೆ ಇಂಜಿನ್ನಿಂದ ಅಂತ ಕೂಡಿ ಹಾಕ್ದೆ. ನಮ್ಮ ಹಾಸನದ ದೋಸ್ತ್ ಒಬ್ಬ ಇದಾನೆ, ಇಲ್ಲೇ ಆಟೋ ಕಂಪನಿಯಲ್ಲಿ ಅಳತೆ ವಿಭಾಗದಲ್ಲಿ ಕೆಲಸ, ಅವನು ಟೇಬಲ್ ಮೇಲೆ ಹರಡಿದ್ದನ್ನ ನೋಡಿ "ಮಗಾ, ಇದು ಇಂಜಿನ್ ಅಲ್ಲ, ಜೆಸಿ ರೋಡ್ ಗುಜರಿ" ಅಂದ. ಹಂಗಂದು ತನ್ನ ಮೈಕ್ರೋಮೀಟರ್ ಡಬ್ಬಿ ತಂದಿಟ್ಟ, ಸದ್ಯ.

ಕ್ರಾಂಕ್ ವಿಷಯ ಸಲೀಸಾಗಿತ್ತು. ಇಲ್ಲಿಯೋರು ಫೋರ್ ಮಿಲ್ ಅಂತಾರೆ, ಅಂದ್ರೆ ಸ್ಟ್ರೋಕ್ 4 ಮಿಲಿ ಜಾಸ್ತಿ, 54 ಇದ್ದಿದ್ದು 58. ಜೊತೆಗೆ ಕ್ರಾಂಕಿಗೂ ಪಿಸ್ಟನ್ನಿಗೂ ನಡುವಿನ ರಾಡ್ ಕೂಡ ಉದ್ದ, ಕಂಪನಿಯದು 110, ಇದು 115. ಯಾಕೆ ಉದ್ದ ಅಂದ್ರೆ, ಸ್ಟ್ರೋಕ್ ಬೆಳೆಸಿ ರಾಡ್ ಹಂಗೇ ಬಿಟ್ರೆ ಅದು ಜಾಸ್ತಿ ಓರೆಯಾಗಿ ಪಿಸ್ಟನ್ನನ್ನ ಗೋಡೆಗೆ ಒತ್ತುತ್ತೆ, ರಾಡ್-ಸ್ಟ್ರೋಕ್ ಅನುಪಾತ 2.04 ಇದ್ದಿದ್ದು 1.90ಕ್ಕೆ ಇಳಿಯುತ್ತೆ, 115 ಹಾಕಿದ್ರೆ 1.98ಕ್ಕೆ ವಾಪಸ್ ಬರುತ್ತೆ. ವಿ ಬ್ಲಾಕ್ ಮೇಲಿಟ್ಟು ಡಯಲ್ ಹಾಕಿ ತಿರುಗಿಸಿದ್ವಿ, ಔಟ್ ಇರ್ಲಿಲ್ಲ, ಅಂದ್ರೆ ಓಲಾಡದೆ ನೇರ ತಿರುಗ್ತು, ಹಿಂದಿನ ಓನರ್ ಕ್ರಾಂಕ್ ಪಿನ್ ವೆಲ್ಡ್ ಕೂಡ ಮಾಡ್ಸಿದ್ದ. ಪುಣ್ಯಾತ್ಮ.

ಬೋರ್ ವಿಷಯಕ್ಕೆ ಬಂದ್ರೆ, 68 ಬೋರಿನ ರೆಡಿ ಸಿಲಿಂಡರ್ ಸೆಟ್ ಸಿಗುತ್ತೆ, ಫೋರ್ ಮಿಲ್ ಕ್ರಾಂಕ್ ಜೊತೆ 421 ಸಿಸಿ ಆಗುತ್ತೆ, ಆದ್ರೆ ಅದರ ರೇಟ್ ಕೇಳಿ ಹೆಂಡ್ತಿ ಮುಖ ನೋಡಿ ಸುಮ್ನಾದೆ. ಕಂಪನಿ ಸಿಲಿಂಡರಿನ ಎರಕದ ಸ್ಲೀವನ್ನೇ 66ಕ್ಕೆ ಬೋರ್ ಮಾಡಿಸೋದು ಅಂತಾಯ್ತು. 66 ಇಂಟು 58, ಎರಡೂ ಸೇರಿ 397 ಸಿಸಿ ಚಿಲ್ಲರೆ ಕಮ್ಮಿ. ನಂಗೆ ಸಾಕಪ್ಪ.

ಪಿಸ್ಟನ್ ಬಂತು. ಸೈಜ್ 66 ಸರಿ, ಆದ್ರೆ ಮಾರಿದೋನು 115 ರಾಡಿಗೆ ಅಂತ ಹೇಳಿ 110 ರಾಡಿನ ಪಿಸ್ಟನ್ ಕಳ್ಸಿದ್ದ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತೆ, ಪಿನ್ ತೂತಿನಿಂದ ತಲೆವರೆಗಿನ ಎತ್ತರ ಅಳೆದ್ರೆ ಮಾತ್ರ 5 ಮಿಲಿ ವ್ಯತ್ಯಾಸ. ರಾಡಿನ 5, ಸ್ಟ್ರೋಕಿನಿಂದ ಮೇಲ್ಗಡೆ 2, ಒಟ್ಟು 7 ಮಿಲಿ ಪಿಸ್ಟನ್ ಸಿಲಿಂಡರಿಂದ ಆಚೆ ತಲೆ ಹಾಕುತ್ತೆ! ಸಿಲಿಂಡರ್ ಕೆಳಗೆ 5 ಮಿಲಿ ಅಲ್ಯೂಮಿನಿಯಂ ಪ್ಲೇಟ್ ಹಾಕೋದು ಒಂದು ದಾರಿ, ಎಷ್ಟೋ ಜನ ಹಾಕ್ತಾರೆ, ಓಡುತ್ತೆ ಕೂಡ. ಆದ್ರೆ ಉದ್ದದ ಸ್ಟಡ್ ಬೇಕು, ಪ್ಲೇಟಿನ ಮೇಲೊಂದು ಕೆಳಗೊಂದು ಗ್ಯಾಸ್ಕೆಟ್, ಗಾಳಿ ಎಳೆಯೋಕೆ ಜಾಗ ಡಬಲ್. ಟು ಸ್ಟ್ರೋಕಲ್ಲಿ ಗಾಳಿ ಲೀಕ್ ಅಂದ್ರೆ ಮಿಕ್ಸ್ಚರ್ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ), ಪಿಸ್ಟನ್ ಜಾಮ್. ನಂಗೆ ಆ ಪ್ಲೇಟ್ ಮೇಲೆ ನಂಬಿಕೆ ಇಲ್ಲ, ಇನ್ನೊಂದು ಸೆಟ್ ಪಿಸ್ಟನ್ನೇ ತರಿಸ್ದೆ.

ಇಲ್ಲಿಗೆ ಮುಗೀತು ಅನ್ಕೊಂಡ್ರೆ ಸಿಲಿಂಡರ್‌ಗಳು ಶುರು ಮಾಡ್ಕೊಂಡ್ವು. ಬ್ಯಾನ್‌ಷಿಯಲ್ಲಿ ಸಿಲಿಂಡರ್ ಎರಡು ಬೇರೆ ಬೇರೆ, ಹೆಡ್ ಮಾತ್ರ ಎರಡಕ್ಕೂ ಸೇರಿ ಒಂದೇ. ಕೇಸ್ ಮೇಲೆ ಎರಡನ್ನೂ ಕೂರಿಸಿ ದೋಸ್ತ್ ಮೇಲೆ ಸ್ಟೀಲ್ ಪಟ್ಟಿ ಅಡ್ಡ ಇಟ್ಟು ಹಿಂದ್ಗಡೆಯಿಂದ ಟಾರ್ಚ್ ಬಿಟ್ಟ. ಎಡಗಡೆ ಸಿಲಿಂಡರ್ ಮೇಲೆ ಉದ್ದಕ್ಕೂ ಬೆಳಕಿನ ಗೆರೆ. ಫೀಲರ್ ಗೇಜ್ ತೂರಿಸಿದ್ರೆ 0.25 ಮಿಲಿ ಲೀಲಾಜಾಲವಾಗಿ ಹೋಯ್ತು. ಅಂದ್ರೆ ಎಡಗಡೇದನ್ನ ಹಿಂದೆ ಯಾರೋ ಮಷೀನಿಗೆ ಕೊಟ್ಟು ತೆಗೆಸಿದಾರೆ. ಒಂದೇ ಹೆಡ್ ಇಂಥ ಮೆಟ್ಟಿಲ ಮೇಲೆ ಕೂರಲ್ಲ, ನೀರು ಒಳಗೆ ಬರುತ್ತೆ.

ಗಿಡ್ಡ ಇರೋದರ ಕೆಳಗೆ ದಪ್ಪ ಗ್ಯಾಸ್ಕೆಟ್ ಹಾಕಿ ಎತ್ತಿಬಿಡೋಣ ಅಂತ ಯಾರಿಗಾದ್ರೂ ಅನ್ಸುತ್ತೆ. ದೋಸ್ತ್ ಬಿಡ್ಲಿಲ್ಲ. "ಮೇಲ್ಗಡೆ ತೆಗೆದಿದ್ದಾರೋ ಕೆಳಗಡೆ ತೆಗೆದಿದ್ದಾರೋ ಅದನ್ನ ಮೊದ್ಲು ನೋಡೋ ಮಾರಾಯ" ಅಂದ. ಇದೇ ಪಾಯಿಂಟು ನೋಡಿ. ಬುಡದಲ್ಲಿ ತೆಗೆದಿದ್ರೆ ಪೋರ್ಟ್‌ಗಳೂ (ಗ್ಯಾಸ್ ಒಳಗೆ ಹೊರಗೆ ಹೋಗೋಕೆ ಸಿಲಿಂಡರ್ ಗೋಡೆಯಲ್ಲಿರೋ ಕಿಂಡಿಗಳು) ಅಷ್ಟೇ ಕೆಳಗೆ ಬಂದಿರುತ್ತೆ, ಗ್ಯಾಸ್ಕೆಟ್ ಹಾಕಿ ಎತ್ತಿದ್ರೆ ಎಲ್ಲಾ ಮತ್ತೆ ಲೆವೆಲ್. ಮೇಲೆ ತೆಗೆದಿದ್ರೆ ಪೋರ್ಟ್ ತನ್ನ ಜಾಗದಲ್ಲೇ ಇದೆ, ಆಗ ಎತ್ತಿದ್ರೆ ಕಿಂಡಿ ತೆರೆಯೋ ಮುಚ್ಚೋ ಹೊತ್ತು ಎಡಗಡೆ ಒಂದು ಟೈಮಿಂಗ್ ಬಲಗಡೆ ಒಂದು ಟೈಮಿಂಗ್, ಒಂದೇ ಕ್ರಾಂಕಿಗೆ ಎರಡು ಥರ ಇಂಜಿನ್ ಕಟ್ಟಿದಂಗೆ. ಹೈಟ್ ಗೇಜ್ ಇಟ್ಟು ಬುಡದಿಂದ ಎಕ್ಸಾಸ್ಟ್ ಪೋರ್ಟಿನ ಮೇಲಂಚಿಗೆ ಅಳೆದ್ವಿ, ಎರಡೂ ಒಂದೇ ಬಂತು. ಸರಿ, ತೆಗೆದಿರೋದು ಮೇಲ್ಗಡೆ, ಬಲಗಡೇದಕ್ಕೂ ಮೇಲೆ ಅಷ್ಟೇ ತೆಗೆಸಿದ್ವಿ. ಹೆಡ್ ಮಾತ್ರ ಡೋಮ್ (ಪಿಸ್ಟನ್ ಮೇಲೆ ಕೂರೋ ಗುಮ್ಮಟದ ಭಾಗ) ಬಿಚ್ಚಿ ಬದಲಾಯಿಸೋ ಥರದ್ದು ತಂದಿದ್ದೆ, ಫೋರ್ ಮಿಲ್‌ಗೆ ಅಂತಲೇ 2 ಮಿಲಿ ಜಾಗ ಬಿಟ್ಟಿರೋ ಡೋಮ್. ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಎಷ್ಟು ಸಂದು ಉಳಿಯುತ್ತೆ ಅಂತ ನೋಡೋಕೆ, ಪಿನ್ ಇರೋ ಸಾಲಿನಲ್ಲೇ ಪಿಸ್ಟನ್ ಮೇಲೆ ಎರಡೂ ಕಡೆ ಮೇಣ ಹಚ್ಚಿ ಸೋಲ್ಡರ್ ತಂತಿ ಕೂರಿಸಿ, ಹೆಡ್ ಬಿಗಿದು, ಕೈಯಲ್ಲಿ ಒಂದು ಸುತ್ತು ತಿರುಗಿಸಿ ಚಪ್ಪಟೆಯಾದ ತಂತಿ ಅಳೆದ್ರೆ 1.2 ಮಿಲಿ ಆಸುಪಾಸು, ಎರಡೂ ಕಡೆ.

ಬೋರ್ ಆದ್ಮೇಲೆ ಪೋರ್ಟ್ ಅಂಚು ಬ್ಲೇಡ್ ಥರ ಚೂಪಾಗಿರುತ್ತೆ, ಅದನ್ನ ಮೊಂಡು ಮಾಡದೆ ರಿಂಗ್ ಹಾಕ್ಬೇಡಿ, ಸಿಗಾಕ್ಕೊಂಡು ಮುರಿಯುತ್ತೆ. ಇನ್ನೊಂದು, ಸ್ಟ್ರೋಕ್ ಬೆಳೆಸಿದಾಗ ಟ್ರಾನ್ಸ್‌ಫರ್ ಪೋರ್ಟ್ (ಹೊಸ ಮಿಕ್ಸ್ಚರ್ ಸಿಲಿಂಡರಿಗೆ ಬರೋ ಕಿಂಡಿ) ತೆರೆದಿರೋ ಡಿಗ್ರಿ ಎಕ್ಸಾಸ್ಟ್‌ಗಿಂತ ಜಾಸ್ತಿ ಬೆಳೆಯುತ್ತೆ, ಯಾಕಂದ್ರೆ ಎಕ್ಸಾಸ್ಟ್ ಅಂಚು ಸ್ಟ್ರೋಕಿನ ಮಧ್ಯಕ್ಕೆ ಹತ್ರ ಇದೆ, ಅಲ್ಲಿ ಅಷ್ಟು ಬದಲಾಗಲ್ಲ. ಹಂಗಾಗಿ ಸುಟ್ಟ ಗ್ಯಾಸ್ ಆಚೆ ಹೋಗೋಕೆ ಸಿಗೋ ಟೈಮ್ ಕಮ್ಮಿ. ಅದಕ್ಕೆ ಎಕ್ಸಾಸ್ಟ್ ಮೇಲಂಚು ಸ್ವಲ್ಪ ಎತ್ತಿಸ್ದೆ, ಸ್ವಲ್ಪ ಅಂದ್ರೆ ಸ್ವಲ್ಪಾನೇ, ಮರಳಲ್ಲಿ ಓಡಿಸೋಕೆ ಕೆಳಗಿನ ಎಳೆತವೂ ಬೇಕಲ್ಲ.

ಸ್ಟಾರ್ಟ್ ಮಾಡೋ ಮುಂಚೆ ಇನ್‌ಟೇಕ್, ಎಕ್ಸಾಸ್ಟ್ ಎಲ್ಲಾ ರಬ್ಬರ್ ಬಿರಡೆ ಹಾಕಿ ಮುಚ್ಚಿ 6 ಪಿಎಸ್‌ಐ ಗಾಳಿ ತುಂಬಿ ಆರು ನಿಮಿಷ ನಿಲ್ಲುತ್ತಾ ಅಂತ ನೋಡ್ಬೇಕು. ನಿಲ್ಲಲಿಲ್ಲ. ಸೋಪ್ ನೀರು ಬಳಿದ್ರೆ ಕಾರ್ಬ್ಯುರೇಟರ್ ರಬ್ಬರ್ ಬೂಟಿನ ಮಡಿಕೆಯಲ್ಲಿ ಸಾಸಿವೆ ಸೈಜಿನ ಗುಳ್ಳೆ, ಒಂದೊಂದೇ ಎದ್ದು ಬರ್ತಿತ್ತು. ಹಳೇ ಬೂಟು, ಬಗ್ಗಿಸಿದ್ರೆ ಮಾತ್ರ ಸೀಳು ಕಾಣೋದು. ಹೊಸ ಜೋಡಿ ಹಾಕಿದ್ಮೇಲೆ ಮುಳ್ಳು ಅಲ್ಲಾಡ್ಲಿಲ್ಲ.

32ಕ್ಕೆ 1 ಆಯಿಲ್ ಮಿಕ್ಸ್, ಮೇನ್ ಜೆಟ್ (ಕಾರ್ಬ್ಯುರೇಟರಲ್ಲಿ ಪೆಟ್ರೋಲ್ ಬಿಡೋ ತೂತು) ಬೇಕಂತಲೇ ದೊಡ್ಡದು, ಕಿಕ್ಕರ್ ತುಳಿದ್ರೆ ಕಾಲು ವಾಪಸ್ ಒದೀತು ಕಂಪ್ರೆಶನ್ನಿಗೆ, ಆಮೇಲೆ ಹೊತ್ಕೊಂತು. ಬಿಸಿ ಮಾಡೋದು, ಪೂರ್ತಿ ತಣಿಸೋದು, ಹೆಡ್ ನಟ್ ಮತ್ತೆ ಬಿಗಿಯೋದು, ಈ ಭಾಗ ಬೋರಿಂಗು, ಮಾಡ್ಲೇಬೇಕು.

ಆಮೇಲೆ ಸಿಲ್ವರ್ ಲೇಕ್ ಮರಳು ದಿಬ್ಬಕ್ಕೆ ತಗೊಂಡೋದ್ವಿ, ಮಿಷಿಗನ್ ಸರೋವರದ ದಡದಲ್ಲಿ, ಏಪ್ರಿಲ್‌ನಿಂದ ಅಕ್ಟೋಬರ್ ತನಕ ಬಿಡ್ತಾರೆ, ಗಾಡಿಗೆ ಬಾವುಟ ಕಟ್ಟದೆ ಒಳಗೆ ಬಿಡಲ್ಲ. ಥ್ರಾಟಲ್ ಪೂರ್ತಿ ಕೊಟ್ಟಾಗ ಮೊದ್ಲು ಬರ್ರ್ ಅಂತ ಗೊಣಗಿ, ಚಾಂಬರ್ (ಟು ಸ್ಟ್ರೋಕಿನ ಉಬ್ಬಿದ ಸೈಲೆನ್ಸರ್ ಪೈಪ್) ಹಿಡ್ಕೊಂಡ ತಕ್ಷಣ ಮುಂದಿನ ಚಕ್ರ ನೆಲ ಬಿಡ್ತು. ದೋಸ್ತ್ ಓಡಿಸಿ ಬಂದು ಹೆಲ್ಮೆಟ್ ತೆಗೀದೇ ಏನೋ ಕೂಗ್ತಿದ್ದ, ಒಂದಕ್ಷರ ಕೇಳಿಸ್ಲಿಲ್ಲ. ಪ್ಲಗ್ ಕಲರ್ ಕಪ್ಪು, ಅಂದ್ರೆ ಪೆಟ್ರೋಲ್ ಜಾಸ್ತಿ, ಜೆಟ್ ಇನ್ನೂ ಇಳಿಸ್ಬೇಕು. ದೊಡ್ಡ ದಿಬ್ಬ ಹತ್ತುವಾಗ ಟಾಪ್ ಗೇರಲ್ಲಿ ಕ್ಲಚ್ ಸ್ಲಿಪ್ ಆಗ್ತಿದೆ, ಗಟ್ಟಿ ಸ್ಪ್ರಿಂಗ್ ಆರ್ಡರ್ ಹಾಕಿದೀನಿ. ಆ 110 ರಾಡಿನ ಪಿಸ್ಟನ್ ಜೋಡಿ ಡಬ್ಬಿಯಲ್ಲೇ ಇದೆ, 66 ಸೈಜು, ಒಂದ್ಸಲಾನೂ ಓಡಿಲ್ಲ. ಬ್ಲಾಸ್ಟರ್ (ಯಮಹಾದ್ದೇ ಇನ್ನೊಂದು ಟು ಸ್ಟ್ರೋಕ್ ಎಟಿವಿ) ಇಟ್ಕೊಂಡಿರೋರು ಯಾರಾದ್ರೂ ಇದ್ರೆ ಹೇಳಿ, ಅದರ ಬೋರೂ 66ಏ, ಅರ್ಧ ರೇಟಿಗೆ ಕೊಡ್ತೀನಿ.