ದೊಡ್ಡಮ್ಮನ ಪುಟ್ಟ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ್ದು

2025ರ ಚೌತಿಗೆ ಊರಿಗೆ ಹೋದಾಗ ದೊಡ್ಡಮ್ಮ ಕಾಫಿ ಲೋಟದ ಜೊತೆಗೇ ಒಂದು ಬಟ್ಟೆಚೀಲ ತಂದು ಮುಂದಿಟ್ಟರು. ಒಳಗೆ ಅವರ ಹತ್ತಿಂಚಿನ ಲ್ಯಾಪ್‌ಟಾಪ್. "ಒಂದ್ಸಲ ನೋಡು ಮಾರಾಯ. ಆನ್ ಮಾಡಿ ಸ್ನಾನ ಮುಗ್ಸಿ ಬಂದ್ರೂ ಶುರು ಆಗಿರುದಿಲ್ಲ" ಎಂದರು.

ದೊಡ್ಡಮ್ಮ ತೀರ್ಥಹಳ್ಳಿ ಪೇಟೆಯಲ್ಲಿ ಬಹಳ ವರ್ಷ ಡಿಟಿಪಿ ಅಂಗಡಿ ನಡೆಸಿದವರು. ಲಗ್ನಪತ್ರಿಕೆ, ಅರ್ಜಿ, ಸಂಘಗಳ ವಾರ್ಷಿಕ ವರದಿ, ಎಲ್ಲವೂ ಅವರ ಕೈಯಲ್ಲೇ ಟೈಪಾಗುತ್ತಿತ್ತು. ಅಂಗಡಿ ಮುಚ್ಚಿದ ಮೇಲೆ ಈ ಪುಟ್ಟ ಲ್ಯಾಪ್‌ಟಾಪಿನಲ್ಲಿ ಸೋಬಾನೆ ಹಾಡುಗಳನ್ನು ಟೈಪ್ ಮಾಡಿಟ್ಟುಕೊಳ್ಳಲು ಶುರು ಮಾಡಿದರು. ಅವರ ಅತ್ತೆ ಹೇಳಿಕೊಟ್ಟದ್ದು, ಅಕ್ಕಪಕ್ಕದ ಮನೆಯ ಹಿರಿಯರಿಂದ ಕೇಳಿ ಬರೆದುಕೊಂಡದ್ದು. ಎಣ್ಣೆಶಾಸ್ತ್ರದ್ದು, ಹಸೆಗೆ ಕರೆಯುವುದು, ಹೆಣ್ಣು ಒಪ್ಪಿಸುವುದು ಹೀಗೆ ಒಟ್ಟು 63 ಹಾಡು. ಹೇಳಿಕೊಟ್ಟವರಲ್ಲಿ ಈಗ ಇಬ್ಬರು ಮಾತ್ರ ಇದ್ದಾರೆ. ಆ ಹಾಡುಗಳು ಬೇರೆಲ್ಲೂ ಇಲ್ಲ, ಈ ಒಂದು ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಇವೆ ಎಂದು ತಿಳಿದಾಗ ನನಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಫೈಲುಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಹಾಡು1, ಹಾಡು2 ಎಂದು ಸಾಲಾಗಿ ಹೋಗುತ್ತದೆ. ಯಾವ ನಂಬರು ಯಾವ ಹಾಡು ಎಂದು ನೋಡಲು ಅವರು ಬೇರೆಯೇ ಒಂದು ನೋಟ್‌ಬುಕ್ ಇಟ್ಟಿದ್ದರು. ಅವರು ಕನ್ನಡ ಟೈಪ್ ಮಾಡಲು ಬಳಸುತ್ತಿದ್ದ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಫೈಲಿಗೆ ಕನ್ನಡದ ಹೆಸರು ಕೊಡಲು ಬರುತ್ತಿರಲಿಲ್ಲ.

ಲ್ಯಾಪ್‌ಟಾಪಿನಲ್ಲಿದ್ದದ್ದು ವಿಂಡೋಸ್ 7ರ ಸ್ಟಾರ್ಟರ್ ಆವೃತ್ತಿ. ಪರದೆಯ ಹಿಂದಿನ ಚಿತ್ರವನ್ನು ಬದಲಿಸಲೂ ಬಿಡದ ಆವೃತ್ತಿ ಅದು. 2020ರ ಜನವರಿಗೇ ಅದಕ್ಕೆ ಅಪ್‌ಡೇಟ್ ನಿಂತುಹೋಗಿದೆ. 1 ಜಿಬಿ ಮೆಮೊರಿ, 1024 ಬೈ 600ರ ಪರದೆ. ಹೊಸದು ಕೊಡಿಸುತ್ತೇನೆ ಎಂದೆ. ದೊಡ್ಡಮ್ಮ ಬೇಡ ಎಂದರು. ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತು ಟೈಪ್ ಮಾಡಲು ಇದೇ ಹಗುರ, ಇದರ ಕೀಗಳು ಕೈಗೆ ಹೊಂದಿವೆ ಎಂಬುದು ಅವರ ಮಾತು. ನನಗೂ ಸರಿಯೆನಿಸಿತು. ವಿಂಡೋಸ್ ಜಾಗದಲ್ಲಿ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಹಾಕೋಣವೆಂದುಕೊಂಡೆ. ಈ ಜಾತಿಯ ಲ್ಯಾಪ್‌ಟಾಪ್‌ಗೂ ಲಿನಕ್ಸ್‌ಗೂ ನಂಟು ಹೊಸದಲ್ಲ. 2007ರಲ್ಲಿ ಏಸಸ್‌ನ ಏಳಿಂಚಿನ ಈಪಿಸಿ ಬಂದಾಗ ಅದರಲ್ಲಿ ಇದ್ದದ್ದೇ ಲಿನಕ್ಸ್. 512 ಎಂಬಿ ಮೆಮೊರಿಯಲ್ಲಿ ಅದು ಓಡುತ್ತಿತ್ತು.

ಲಿನಕ್ಸಿನಲ್ಲಿ ಡಿಸ್ಟ್ರೋ ಎಂದು ಕರೆಯುವ ಹಲವು ಬಗೆಗಳಿವೆ, ಯಾವುದನ್ನು ಹಾಕುವುದು ಎಂಬುದರಲ್ಲೇ ಎರಡು ದಿನ ಹೋಯಿತು. ನನ್ನ ಕೆಲಸದ ಲ್ಯಾಪ್‌ಟಾಪಿನಲ್ಲಿರುವ ಉಬುಂಟು ಇದಕ್ಕೆ ಹೇಳಿಸಿದ್ದಲ್ಲ, ಅದಕ್ಕೆ 4 ಜಿಬಿಯಾದರೂ ಬೇಕು. ಮಿಂಟ್ ಕೂಡ 2 ಜಿಬಿಗಿಂತ ಕೆಳಗೆ ಇಳಿಯುವುದಿಲ್ಲ. ಪಪ್ಪಿಯನ್ನು ಕಾಲೇಜಿನ ದಿನಗಳಲ್ಲಿ ತುಂಬ ಬಳಸಿದ್ದೇನೆ, ಪೂರ್ತಿ ಮೆಮೊರಿಗೇ ಹತ್ತಿ ಕೂತು ಓಡುವ ಅದರ ಚುರುಕು ನನಗೆ ಇವತ್ತಿಗೂ ಇಷ್ಟ. ಆದರೆ ಅದರಲ್ಲಿ ಕೆಲಸವನ್ನು ಉಳಿಸಿಕೊಳ್ಳುವ ರೀತಿಯೇ ಬೇರೆ. ಅಪರೂಪಕ್ಕೆ ತಪ್ಪಿದರೂ ಹೋಗುವುದು ಒಂದು ಹಾಡು. ಆಂಟಿಎಕ್ಸ್ ಮನಸ್ಸಿನಲ್ಲಿ ಬಹಳ ಹೊತ್ತು ನಿಂತಿತು. ಹಳೆಯ ಯಂತ್ರಗಳಿಗೆಂದೇ ಕಟ್ಟಿದ್ದು, 32 ಬಿಟ್‌ನ ಹಳೆಯ ಪ್ರೊಸೆಸರುಗಳಿಗೂ ಸಿಗುತ್ತದೆ, ಅದಿರುವ ಪೆನ್‌ಡ್ರೈವ್ ನನ್ನ ಬ್ಯಾಗಿನಲ್ಲಿ ಸದಾ ಇರುತ್ತದೆ. ಹಾಕಿ ತೋರಿಸಿದೆ. ಹಗುರವಾಗಿ ಓಡಿತು. ಆದರೆ ಮೆನುವಿನಲ್ಲಿ ಒಂದೇ ಕೆಲಸಕ್ಕೆ ಮೂರು ಮೂರು ಪ್ರೋಗ್ರಾಮ್ ನೋಡಿ ದೊಡ್ಡಮ್ಮ, "ಇದ್ರಲ್ಲಿ ಯಾವ್ದು ಒತ್ತಬೇಕು?" ಎಂದರು. ಒತ್ತಬೇಕಾದ್ದು ಒಂದೇ ಇರುವ ಮನೆ ಅವರಿಗೆ ಬೇಕಿತ್ತು.

ಇನ್ನೊಂದು ಕಾರಣ ದೂರದ್ದು. ನಾನು ಬೆಂಗಳೂರಿನಲ್ಲಿರುವುದು, ವರ್ಷಕ್ಕೆ ಮೂರು ನಾಲ್ಕು ಸಲ ಊರಿಗೆ ಬರುವುದು. ನಾನಿಲ್ಲದಾಗ ಅಪ್‌ಡೇಟ್ ಬಂದು ಏನೋ ಕೆಟ್ಟರೆ ಫೋನಿನಲ್ಲಿ ಕಮಾಂಡ್ ಹೇಳಿಸಿ ಸರಿಪಡಿಸುವುದು ಇಬ್ಬರಿಗೂ ಕಷ್ಟ. ಹಾಗಾಗಿ ನಿಧಾನಕ್ಕೆ ಬದಲಾಗುವ ಡೆಬಿಯನ್ ಎಂಬ ಡಿಸ್ಟ್ರೋ ಸರಿಯೆಂದು ತೀರ್ಮಾನಿಸಿದೆ. ಒಂದು ಆವೃತ್ತಿ ಬಂದರೆ 3 ವರ್ಷ ಪೂರ್ತಿ ಬೆಂಬಲ, ಅದರ ಮೇಲೆ 2 ವರ್ಷ ಎಲ್‌ಟಿಎಸ್ ಎಂಬ ದೀರ್ಘಾವಧಿ ಬೆಂಬಲ. ಅದರ 13ನೇ ಆವೃತ್ತಿ ಟ್ರಿಕ್ಸಿ ಅದೇ ಆಗಸ್ಟ್ 9ಕ್ಕೆ ಬಂದಿತ್ತು.

ಅಲ್ಲೊಂದು ತೊಡಕಿತ್ತು. ಟ್ರಿಕ್ಸಿಯಿಂದ 32 ಬಿಟ್ ಪ್ರೊಸೆಸರಿಗೆ ಇನ್‌ಸ್ಟಾಲರ್ ಕೊಡುವುದನ್ನು ಡೆಬಿಯನ್ ನಿಲ್ಲಿಸಿದೆ. ಈ ಲ್ಯಾಪ್‌ಟಾಪಿನ ಮೇಲೆ ಇಂಟೆಲ್‌ನ ಆಟಮ್ ಪ್ರೊಸೆಸರ್ ಎಂಬ ಸ್ಟಿಕರ್ ಬಿಟ್ಟರೆ ಬೇರೇನೂ ಇಲ್ಲ. ಮೊದಲ ನೆಟ್‌ಬುಕ್‌ಗಳಲ್ಲಿ, ಅಂದರೆ ಇಂಥ ಪುಟ್ಟ ಲ್ಯಾಪ್‌ಟಾಪ್‌ಗಳಲ್ಲಿ, ಇದ್ದ ಆಟಮ್ ಎನ್270 ಬರೀ 32 ಬಿಟ್‌ನದು, ಇದೂ ಅದೇ ಇರಬೇಕೆಂದು ಆಸೆ ಬಿಟ್ಟಿದ್ದೆ. ಆಂಟಿಎಕ್ಸ್ ಹೇಗೂ ಓಡುತ್ತಿತ್ತಲ್ಲ, ಟರ್ಮಿನಲ್ ತೆರೆದು ಪ್ರೊಸೆಸರಿನ ವಿವರ ಓದಿಸಿದೆ. ಎನ್455. ಕೆಳಗೆ ಉದ್ದಕ್ಕೆ ಬರುವ ಚಿಹ್ನೆಗಳ ಸಾಲಿನಲ್ಲಿ 'ಎಲ್‌ಎಂ' ಎಂಬ ಎರಡಕ್ಷರ ಕಂಡಿತು. 64 ಬಿಟ್ ಬರುತ್ತದೆ ಎಂಬುದಕ್ಕೆ ಅದೇ ಗುರುತು. ಎಷ್ಟೋ ಜನ ಇದನ್ನು ನೋಡದೆಯೇ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುತ್ತಾರೆ. ಎರಡು ನಿಮಿಷದ ಕೆಲಸ, ದಯವಿಟ್ಟು ನೋಡಿ.

ಮಾರನೆಯ ದಿನ ಶಿವಮೊಗ್ಗಕ್ಕೆ ಹೋಗಿ ರಿಪೇರಿ ಅಂಗಡಿಯೊಂದರಲ್ಲಿ 2 ಜಿಬಿಯ ಹಳೆಯ ಡಿಡಿಆರ್3 ಮೆಮೊರಿ, ಹಾರ್ಡ್ ಡಿಸ್ಕಿನ ಜಾಗಕ್ಕೆ ಅದಕ್ಕಿಂತ ಚುರುಕಾದ ಒಂದು 120 ಜಿಬಿ ಎಸ್‌ಎಸ್‌ಡಿ ತಂದೆ. ಎನ್455 ಹಿಡಿಯುವುದೇ 2 ಜಿಬಿ, ಅದಕ್ಕಿಂತ ಹೆಚ್ಚು ಹಾಕಿದರೆ ಪ್ರಯೋಜನವಿಲ್ಲ. ಹಳೆಯ ಹಾರ್ಡ್ ಡಿಸ್ಕನ್ನು ಅಳಿಸುವ ಮಾತೇ ಇರಲಿಲ್ಲ. ಅದನ್ನು ಹಾಗೇ ಹೊರಗೆ ತೆಗೆದಿಡಬೇಕು, ಹೊಸದರ ಮೇಲೆ ಹೊಸ ಸಂಸಾರ ಹೂಡಬೇಕು ಎಂಬುದು ನನ್ನ ಲೆಕ್ಕ.

ಜಗಲಿಯಲ್ಲಿ ಹಳೆಯ ಪಂಚೆ ಹಾಸಿ ಬಿಚ್ಚಲು ಕೂತೆ. ಮೆಮೊರಿಗೆ ಕೆಳಗಡೆ ಒಂದು ಸ್ಕ್ರೂ ತೆಗೆದರೆ ಸಾಕಾಯಿತು. ಡಿಸ್ಕಿಗೆ ಕೀಬೋರ್ಡನ್ನೇ ಎತ್ತಬೇಕು. ಮೇಲಂಚಿನ ಕೊಕ್ಕೆಗಳನ್ನು ಒಂದೊಂದಾಗಿ ತಳ್ಳಿ ಮೆಲ್ಲಗೆ ಎತ್ತಿದರೆ ಅಡಿಯಲ್ಲಿ ಮಲೆನಾಡಿನ ಹದಿನೈದು ಮಳೆಗಾಲ ಕೂತಿತ್ತು. ಲೋಹದ ತಗಡಿನ ಮೇಲೆ ಬೂದುಬಣ್ಣದ ಬೂಷ್ಟು, ಮೂಲೆಯಲ್ಲಿ ಇರುವೆಗಳು ತಂದು ಒಟ್ಟಿದ ಮಣ್ಣಿನ ಹುಡಿ, ಒಂದು ಎಳ್ಳುಕಾಳು. ದೊಡ್ಡಮ್ಮ ದೇವರ ಮನೆಯಿಂದ ಬಣ್ಣ ಬಳಿಯುವ ಸಣ್ಣ ಬ್ರಷ್ ತಂದುಕೊಟ್ಟರು. ಬಾಗಿ ಕೀಗಳನ್ನು ನೋಡಿದೆ. ಬೇರೆಲ್ಲ ಅಕ್ಷರ ಕಾಣುತ್ತಿದ್ದವು, ಎಫ್ ಕೀಯ ಮೇಲಿನ ಅಕ್ಷರ ಮಾತ್ರ ಪೂರ್ತಿ ಸವೆದು ಹೊಳೆಯುತ್ತಿತ್ತು. ಅದು ಯಾಕೆಂದು ಆಗ ಯೋಚಿಸಲಿಲ್ಲ.

ಇನ್‌ಸ್ಟಾಲ್ ಮಾಡಲು ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವ, ಪೆನ್‌ಡ್ರೈವಿನಿಂದಲೇ ಓಡುವ ಡೆಬಿಯನ್‌ನ ಲೈವ್ ಇಮೇಜನ್ನು ಪೇಟೆಯಲ್ಲೇ ಇಳಿಸಿಕೊಂಡು ಬಂದಿದ್ದೆ. ಊರಲ್ಲಿ ಸಿಗ್ನಲ್ ಸಿಗುವುದು ಅಂಗಳದ ತುಳಸಿಕಟ್ಟೆಯ ಹತ್ತಿರ ಮಾತ್ರ, ಅಷ್ಟು ದೊಡ್ಡದನ್ನು ಅಲ್ಲಿ ಇಳಿಸಲು ಸಾಧ್ಯವಿಲ್ಲ. ಪೆನ್‌ಡ್ರೈವಿನಿಂದ ಬೂಟ್ ಆಗಿ ಭಾಷೆಗಳ ಪಟ್ಟಿ ಬಂತು. ದೊಡ್ಡಮ್ಮ ಕನ್ನಡಕ ಹಾಕಿ ಪಕ್ಕದಲ್ಲೇ ಕೂತಿದ್ದರು. ಪಟ್ಟಿಯಲ್ಲಿ ಕನ್ನಡ ಎಂದು ಕನ್ನಡದಲ್ಲೇ ಬರೆದದ್ದು ಕಂಡು ಬೆರಳಿಟ್ಟು ತೋರಿಸಿದರು. ಅದನ್ನೇ ಆರಿಸಿದೆ. ಮುಂದಿನ ಪುಟದಿಂದ ಪ್ರಶ್ನೆಗಳು ಕನ್ನಡದಲ್ಲಿ ಬರತೊಡಗಿದವು. ಸಂಬಳವಿಲ್ಲದೆ ಯಾರೋ ಕೂತು ಈ ಸಾಲುಗಳನ್ನು ಅನುವಾದ ಮಾಡಿದ್ದಾರೆ. ಅವರ ಹೆಸರು ನನಗೆ ಗೊತ್ತಿಲ್ಲ, ಋಣ ಮಾತ್ರ ಇದೆ.

ವೈಫೈ ಬಗ್ಗೆ ನನಗೆ ಹೆದರಿಕೆಯಿತ್ತು. ಒಳಗಿರುವುದು ಬ್ರಾಡ್‌ಕಾಮ್‌ನ ಕಾರ್ಡು, ಅದನ್ನು ನಡೆಸಲು ಬೇಕಾದ ಫರ್ಮ್‌ವೇರ್ ಎಂಬ ಸಣ್ಣ ತಂತ್ರಾಂಶ ಮುಕ್ತವಲ್ಲವೆಂದು ಡೆಬಿಯನ್ ಹಿಂದೆಲ್ಲ ತನ್ನ ಅಧಿಕೃತ ಇಮೇಜಿನಲ್ಲಿ ಸೇರಿಸುತ್ತಿರಲಿಲ್ಲ. ಕಾಲೇಜಿನಲ್ಲಿದ್ದಾಗ ಇದೇ ಕಾರಣಕ್ಕೆ ರಾತ್ರಿಗಳನ್ನು ಕಳೆದಿದ್ದೇನೆ. 2022ರಲ್ಲಿ ಡೆಬಿಯನ್‌ನವರು ಮತ ಹಾಕಿ ಸೇರಿಸಬಹುದೆಂದು ತೀರ್ಮಾನಿಸಿದರು, 2023ರ 12ನೇ ಆವೃತ್ತಿಯಿಂದ ಅದು ಜಾರಿಗೆ ಬಂತು. ತತ್ವ ಸಡಿಲಾಯಿತೆಂದು ಬೇಸರಪಟ್ಟವರಿದ್ದಾರೆ, ಅವರ ಮಾತಿನಲ್ಲೂ ಹುರುಳಿದೆ. ಆದರೂ ಕಿಟಕಿಯಲ್ಲಿಟ್ಟ ನನ್ನ ಫೋನಿನ ಹಾಟ್‌ಸ್ಪಾಟ್ ತಾನಾಗಿ ಕಂಡಾಗ ನಾನು ಆ ಮತಕ್ಕೆ ಮನಸಾರೆ ಕೈ ಮುಗಿದೆ.

ಡೆಬಿಯನ್‌ನ ಫೈಲುಗಳ ನಕಲು ಅರ್ಧಕ್ಕೆ ಬಂದಿತ್ತು, ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷಗಳಾಗಿವೆ, ಪರದೆ ಕಪ್ಪಾಯಿತು. ದೊಡ್ಡಮ್ಮ ಏನೂ ಹೇಳಲಿಲ್ಲ. ಅವರ ಕೈ ಮಾತ್ರ ಪಕ್ಕದಲ್ಲಿ ಬಟ್ಟೆ ಸುತ್ತಿಟ್ಟಿದ್ದ ಹಳೆಯ ಡಿಸ್ಕಿನ ಮೇಲೆ ಹೋಯಿತು. "ಅದಕ್ಕೆ ಏನೂ ಆಗ್ಲಿಲ್ಲ ದೊಡ್ಡಮ್ಮ, ಅದು ಒಳಗೇ ಇರ್ಲಿಲ್ಲ, ನೋಡಿ" ಎಂದೆ. ಮತ್ತೆ ಇನ್ವರ್ಟರಿನ ಪ್ಲಗ್ ಇರುವ ನಡುಮನೆಗೆ ಹೋಗಿ, ಮೊದಲಿನಿಂದ ಶುರು ಮಾಡಿ, ರಾತ್ರಿ ಊಟದ ಹೊತ್ತಿಗೆ ಮುಗಿಸಿದೆ. ಬೂಟಾಗಲು ಒಂದು ನಿಮಿಷವೂ ಬೇಕಾಗಲಿಲ್ಲ. ಎದ್ದು ನಿಂತ ಮೇಲೆ ಹಿಡಿದ ಮೆಮೊರಿ 500 ಎಂಬಿಯ ಆಸುಪಾಸು. ಬ್ರೌಸರ್ ತೆರೆದರೆ ಏದುಸಿರು ಬಿಡುತ್ತದೆ, ಯೂಟ್ಯೂಬ್ ಈ ಪ್ರೊಸೆಸರಿಗೆ ಆಗದ ಮಾತು. ಲಿಬ್ರೆಆಫೀಸ್ ರೈಟರ್ ಮಾತ್ರ ಚೆನ್ನಾಗಿ ತೆರೆದುಕೊಂಡಿತು. ದೊಡ್ಡಮ್ಮನಿಗೆ ಬೇಕಾದದ್ದು ಅದೊಂದೇ.

"ಈಗ ಕನ್ನಡ ಅಂತ ಟೈಪ್ ಮಾಡಿ ನೋಡಿ" ಎಂದು ಲ್ಯಾಪ್‌ಟಾಪನ್ನು ಅವರ ಮಡಿಲಿಗಿಟ್ಟೆ. ಕನ್ನಡ ಕೀಬೋರ್ಡ್ ಸೇರಿಸಿದ್ದೆನಲ್ಲ, ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಅವರು ಕೀಗಳತ್ತ ನೋಡಲೂ ಇಲ್ಲ, ಐದು ಸಲ ಟಕಟಕ ಸದ್ದಾಯಿತು. ಪರದೆಯ ಮೇಲೆ ಬಂದದ್ದು 'ಕಲಿಲೈ'.

ಇನ್ನೊಂದು ಸಲ ಹೊಡೆದರು, ಮತ್ತೆ ಕಲಿಲೈ. ಎರಡೂ ಕೈ ಎತ್ತಿ ಮಡಿಲಲ್ಲಿಟ್ಟುಕೊಂಡರು. "ಕೈ ಮರ್ತುಹೋಯ್ತಾ ನಂಗೆ?" ಎಂದರು. ಆ ದನಿ ನೆನೆದರೆ ಈಗಲೂ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಅವರ ಕೈ ಮರೆತಿರಲಿಲ್ಲ. ನಾನು ಹಾಕಿದ್ದು ಇನ್‌ಸ್ಕ್ರಿಪ್ಟ್ ಎಂಬ ಕೀಬೋರ್ಡ್. ಭಾರತದ ಲಿಪಿಗಳಿಗೆಲ್ಲ ಒಂದೇ ಜೋಡಣೆ, ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ದೊಡ್ಡಮ್ಮ ಕಲಿತದ್ದು ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸ, ನುಡಿಯಲ್ಲಿ ಇರುವುದು ಅದೇ. ಅದರಲ್ಲಿ ಕನ್ನಡ ಎನ್ನಲು ಕೆ, ಎನ್, ಎಫ್, ಎನ್, ಡಬ್ಲ್ಯೂ, ಐದೇ ಕೀ. ಎಫ್ ಎಂದರೆ ಒತ್ತಕ್ಷರ ಕೂಡಿಸುವ ಕೊಂಡಿ. ಅದೇ ಎಫ್ ಇನ್‌ಸ್ಕ್ರಿಪ್ಟಿನಲ್ಲಿ ಗುಡಿಸು, ಎನ್ ಎಂದರೆ ಲ, ಡಬ್ಲ್ಯೂ ಎಂದರೆ ಐತ್ವ. ಎಫ್ ಕೀ ಸವೆದದ್ದೇಕೆ ಎಂಬುದು ಆಗ ಹೊಳೆಯಿತು. ಒತ್ತಕ್ಷರವಿಲ್ಲದೆ ಕನ್ನಡದಲ್ಲಿ ಒಂದು ಸಾಲು ಮುಂದೆ ಹೋಗುತ್ತದೆಯೇ? ಯಾವ ಡಿಸ್ಟ್ರೋ ಎಂದು ಎರಡು ದಿನ ತಲೆ ಕೆಡಿಸಿಕೊಂಡವನು ಈ ಹತ್ತು ಬೆರಳುಗಳನ್ನು ಮೊದಲು ಕೇಳಬೇಕಿತ್ತು.

ತುಳಸಿಕಟ್ಟೆಯ ಮೇಲೆ ಫೋನಿಟ್ಟು ಬೇರೆ ಬೇರೆ ಭಾಷೆಗಳ ಕೀಬೋರ್ಡ್ ಜೋಡಣೆಗಳಿರುವ ಐಬಸ್‌ನ ಎಂ17ಎನ್ ಪ್ಯಾಕೇಜನ್ನೂ ಕನ್ನಡ ಫಾಂಟುಗಳನ್ನೂ ಇಳಿಸಿದೆ. ಪಟ್ಟಿಯಲ್ಲಿ ಕನ್ನಡದ ಕೆಳಗೆ 'ಕೆಜಿಪಿ' ಎಂದಿರುವುದೇ ನಮಗೆ ಬೇಕಾದ್ದು, ಕನ್ನಡ ಗಣಕ ಪರಿಷತ್ತಿನದು. ಆ ಪಟ್ಟಿಯ ವಿಂಡೋ ಲ್ಯಾಪ್‌ಟಾಪಿನ ಪರದೆಗಿಂತ ಉದ್ದವಾಗಿ ಅದರ ಕೆಳಗಿನ ಬಟನ್ ಕಾಣುತ್ತಿರಲಿಲ್ಲ. 600ರ ಪರದೆಯಲ್ಲಿ ಇದು ಆಗಾಗ ಆಗುತ್ತದೆ, ಆಲ್ಟ್ ಒತ್ತಿ ಹಿಡಿದು ಮೌಸಿನಿಂದ ವಿಂಡೋವನ್ನು ಮೇಲಕ್ಕೆ ಎಳೆದರೆ ಸಿಗುತ್ತದೆ. ಲಾಗೌಟ್ ಮಾಡಿ ಒಳಗೆ ಬಂದು ಮತ್ತೆ ಕೊಟ್ಟೆ. ಐದು ಟಕಟಕ. ಕನ್ನಡ. ದೊಡ್ಡಮ್ಮ ಅಲ್ಲಿಗೆ ನಿಲ್ಲಿಸಲಿಲ್ಲ. ತೀರ್ಥಹಳ್ಳಿ, ಲಕ್ಷ್ಮೀ, ಮುತ್ತೈದೆ, ಹಸ್ತಪ್ರತಿ, ಸ್ವಾತಂತ್ರ್ಯ ಎಂದು ಒತ್ತಕ್ಷರವಿರುವ ಪದಗಳನ್ನೇ ಹುಡುಕಿ ಹುಡುಕಿ ಹೊಡೆದರು.

ಉಳಿದದ್ದು ಹಾಡುಗಳು. ಹಳೆಯ ಡಿಸ್ಕನ್ನು ಯುಎಸ್‌ಬಿಗೆ ಸಿಕ್ಕಿಸಿ, ಮೊದಲು ಎರಡು ಕಡೆ ನಕಲು ಮಾಡಿಟ್ಟುಕೊಂಡು, ಒಂದನ್ನು ತೆರೆದೆ. ಎ ಅಕ್ಷರದ ಮೇಲೊಂದು ಗೀರು, ನ ಇದ್ದಲ್ಲೆಲ್ಲ ಪೌಂಡಿನ ಚಿಹ್ನೆ. ಹಳೆಯ ನುಡಿಯಲ್ಲಿ ಫೈಲಿನೊಳಗೆ ಇರುವುದು ಕನ್ನಡವಲ್ಲ, ಇಂಗ್ಲಿಷ್ ಚಿಹ್ನೆಗಳು. ಫಾಂಟು ಅವುಗಳಿಗೆ ಕನ್ನಡದ ಆಕಾರ ತೊಡಿಸುತ್ತದೆ. ಆ ಫಾಂಟು ಇಲ್ಲದ ದಿನ ಹಾಡೂ ಇಲ್ಲ. ಪೈಥಾನಿನಲ್ಲಿ ಒಂದು ಸ್ಕ್ರಿಪ್ಟ್ ಬರೆದು ಎಲ್ಲವನ್ನೂ, ಫಾಂಟು ಬದಲಾದರೂ ಕನ್ನಡವಾಗಿಯೇ ಉಳಿಯುವ ಯೂನಿಕೋಡಿಗೆ ತಿರುಗಿಸಿದೆ. ಹೆಚ್ಚು ಕಾಡಿದ್ದು ಅರ್ಕಾವತ್ತು. ನುಡಿಯಲ್ಲಿ 'ಧರ್ಮ' ಎಂದರೆ ಧ, ಮ, ಆಮೇಲೆ ಅರ್ಕಾವತ್ತು, ಕಣ್ಣಿಗೆ ಕಂಡ ಹಾಗೆ. ಯೂನಿಕೋಡಿನಲ್ಲಿ ರ್ ಬರುವುದು ಮ ಅಕ್ಷರಕ್ಕೆ ಮೊದಲು, ಬಾಯಲ್ಲಿ ಹೇಳಿದ ಹಾಗೆ. ಪ್ರತಿ ಅರ್ಕಾವತ್ತನ್ನೂ ಒಂದಕ್ಷರ ಹಿಂದಕ್ಕೆ ದಾಟಿಸಬೇಕು, ಮುಂದಿನ ಅಕ್ಷರಕ್ಕೆ ಒತ್ತು, ಕೊಂಬು, ದೀರ್ಘ ಇದ್ದರೆ ಅವನ್ನೆಲ್ಲ ಸುತ್ತಿ ಬರಬೇಕು. ತಪ್ಪಿದ್ದನ್ನು ಹಿಡಿದವರು ದೊಡ್ಡಮ್ಮ. ಅವರು ಓದಲಿಲ್ಲ, ಮೆಲ್ಲಗೆ ಹಾಡುತ್ತಾ ಹೋದರು. ನಾಲಿಗೆ ಎಡವಿದಲ್ಲಿ ನಿಲ್ಲಿಸಿ, "ಇಲ್ಲಿ ನೋಡು" ಎಂದರು.

ಚೌತಿಯ ಮೂರನೆಯ ದಿನ ಸಂಜೆ ನಾನು ಹೊರಡಲು ಬ್ಯಾಗು ತುಂಬುತ್ತಿದ್ದೆ. ಜಗಲಿಯಿಂದ ಕರೆದರು. "ಇದ್ರಲ್ಲಿ ಫೈಲಿಗೂ ಕನ್ನಡದ ಹೆಸ್ರು ಇಡ್ಲಿಕ್ಕೆ ಆಗ್ತದಾ?"

"ಆಗ್ತದೆ ದೊಡ್ಡಮ್ಮ. ಎಫ್2 ಒತ್ತಿ, ಟೈಪ್ ಮಾಡಿ."

ಅವರು ನೋಟ್‌ಬುಕ್ ತೆಗೆದು ತೊಡೆಯ ಪಕ್ಕದಲ್ಲಿಟ್ಟುಕೊಂಡರು. ಹಾಡು1 ಎಂದಿದ್ದದ್ದು 'ಎಣ್ಣೆ ಶಾಸ್ತ್ರದ ಹಾಡು' ಆಯಿತು. ಹಾಡು2, 'ಹಸೆಗೆ ಕರೆಯುವ ಹಾಡು'. ಬಸ್ಸಿಗೆ ಹೊತ್ತಾಯಿತೆಂದು ನಾನು ಕಾಲಿಗೆ ನಮಸ್ಕಾರ ಮಾಡಿದಾಗ ಅವರು ಹಾಡು19ರಲ್ಲಿದ್ದರು. ಎಡಗೈಯಲ್ಲಿ ನನ್ನ ತಲೆ ಸವರಿದರು, ಬಲಗೈ ಕೀಬೋರ್ಡಿನ ಮೇಲೇ ಇತ್ತು.