ಕ್ಯಾಸಲ್ ಅಲ್ಲ, ಛತ್ರ

ಭಾನುವಾರ, 15 ಸೆಪ್ಟೆಂಬರ್ 2024
ಗಾಲ್ವೇ, ಐರ್ಲೆಂಡ್

ಎದ್ದಾಗ ಹತ್ತೂವರೆ. ಕಾಲು ಇನ್ನೂ ನೋಯ್ತಿದೆ. ನಿನ್ನೆ ಆಫೀಸಿನ ಗೆಳತಿಯ ಮದುವೆ, ಕನೆಮಾರಾದ ಬ್ಯಾಲಿನಾಹಿಂಚ್ ಕ್ಯಾಸಲ್‌ನಲ್ಲಿ. ಕುಣಿತ ನಡುರಾತ್ರಿ ದಾಟಿದರೂ ನಿಲ್ಲಲಿಲ್ಲ. ಮಳೆ ಬರಬಾರದು ಅಂತ ಅವಳ ಅಮ್ಮ ಹಿಂದಿನ ರಾತ್ರಿ ಬಾಲಯೇಸುವಿನ ಪುಟ್ಟ ವಿಗ್ರಹವನ್ನು ಮನೆ ಹೊರಗೆ ಇಟ್ಟಿದ್ದರಂತೆ. ಇಲ್ಲಿನ ಹಳೇ ನಂಬಿಕೆ. ಮಳೆ ಬಂದೇ ಬಂತು.

ಹೊರಡುವ ಮೊದಲು ಅಪ್ಪ ಫೋನ್ ಮಾಡಿದ್ದರು. "ಮದುವೆ ಯಾವ ಛತ್ರದಲ್ಲಿ?" ಅಂದರು. ನಕ್ಕುಬಿಟ್ಟೆ. "ಛತ್ರ ಅಲ್ಲಪ್ಪಾ, ಕ್ಯಾಸಲ್!"

ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ಅಪ್ಪ ಹೇಳಿದ್ದೇ ಸರಿ. ಓವೆನ್‌ಮೋರ್ ಹೊಳೆಯ ದಡದ ಈ ಕಟ್ಟಡವನ್ನು 18ನೇ ಶತಮಾನದಲ್ಲಿ ಮಾರ್ಟಿನ್ ಮನೆತನದವರು ಕಟ್ಟಿಸಿದ್ದು ದಾರಿಹೋಕರು ಉಳಿಯಲಿ ಅಂತ. ಛತ್ರವೇ ಅಲ್ವಾ? ನಿಜವಾದ ಹಳೇ ಕೋಟೆ ಕೆರೆಯ ನಡುಗಡ್ಡೆಯಲ್ಲಿದೆ. ಪಾಳುಬಿದ್ದ ಒಂದು ಗೋಪುರ, ಅಷ್ಟೇ. ಅದು ಮಾರ್ಟಿನ್‌ಗಳಿಗಿಂತ ಮೊದಲು ಇಲ್ಲಿ ಆಳುತ್ತಿದ್ದ ಓ'ಫ್ಲಾಹರ್ಟಿ ಮನೆತನದ ಕಾಲದ್ದು.

ಛತ್ರವನ್ನು ಮನೆ ಮಾಡಿಕೊಂಡವನು ರಿಚರ್ಡ್ ಮಾರ್ಟಿನ್. ವಿಚಿತ್ರ ಮನುಷ್ಯ. ಮಾತು ಬೆಳೆದರೆ ಪಿಸ್ತೂಲು ಹಿಡಿದು ದ್ವಂದ್ವಕ್ಕೆ ನಿಲ್ಲುತ್ತಿದ್ದ. ಆದರೆ ದನಕ್ಕೆ ಯಾರಾದರೂ ಹೊಡೆದರೆ ಸಹಿಸುತ್ತಿರಲಿಲ್ಲ. 1822ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ದನಕರುಗಳನ್ನು ಹಿಂಸಿಸುವುದರ ವಿರುದ್ಧ ಕಾನೂನು ಮಾಡಿಸಿದ್ದು ಇವನೇ. ಅದಕ್ಕೇ 'ಹ್ಯುಮ್ಯಾನಿಟಿ ಡಿಕ್' (ಡಿಕ್ ಅಂದರೆ ರಿಚರ್ಡ್) ಅನ್ನೋ ಹೆಸರು. ಪ್ರಾಣಿಗಳನ್ನು ಹಿಂಸಿಸಿದ ಒಕ್ಕಲುಗಳನ್ನು ಆ ನಡುಗಡ್ಡೆಯ ಗೋಪುರದಲ್ಲಿ ಕೂಡಿಹಾಕುತ್ತಿದ್ದನಂತೆ. ಕೊನೆಗೆ ಸಾಲಗಾರರ ಕಾಟಕ್ಕೆ ಫ್ರಾನ್ಸಿಗೆ ಓಡಿಹೋಗಿ 1834ರಲ್ಲಿ ಅಲ್ಲೇ ಸತ್ತ.

ಅಲ್ಲಿ ಬರೆದಿದ್ದ ಇತಿಹಾಸದಲ್ಲಿ ಮುಂದಿನದನ್ನು ಓದುವಾಗ ಕೈಯಲ್ಲಿದ್ದ ಕೇಕ್ ತಿನ್ನಲು ಮನಸ್ಸಾಗಲಿಲ್ಲ. ಮಹಾ ಬರಗಾಲದಲ್ಲಿ ಆಲೂಗಡ್ಡೆ ಕೊಳೆತು, ಜನ ಬಾಡಿಗೆ ಕಟ್ಟಲಾರದೆ ಸಾಯತೊಡಗಿದರು. ರಿಚರ್ಡನ ಮಗ ಥಾಮಸ್ ಕ್ಲಿಫ್ಡನ್ನಿನ ವರ್ಕ್‌ಹೌಸಿಗೆ (ಗತಿಯಿಲ್ಲದ ಬಡವರನ್ನು ದುಡಿಸಿಕೊಂಡು ಇರಿಸುತ್ತಿದ್ದ ಜಾಗ) ತನ್ನ ಒಕ್ಕಲುಗಳನ್ನು ನೋಡಲು ಹೋದ. ಅಲ್ಲಿ ಜ್ವರ ತಗುಲಿ 1847ರಲ್ಲಿ ತೀರಿಕೊಂಡ. ಅವನ ಮಗಳು ಮೇರಿಗೆ ಉಳಿದದ್ದು ಸುಮಾರು 2 ಲಕ್ಷ ಎಕರೆ ಮತ್ತು ಅದನ್ನೂ ನುಂಗುವಷ್ಟು ಸಾಲ. ಜನ ಅವಳನ್ನು 'ಕನೆಮಾರಾದ ರಾಜಕುಮಾರಿ' ಅನ್ನುತ್ತಿದ್ದರು. ಎಲ್ಲ ಕಳೆದುಕೊಂಡು ಅಮೆರಿಕಕ್ಕೆ ಹೊರಟ ಆಕೆ 1850ರಲ್ಲಿ ನ್ಯೂಯಾರ್ಕಿನಲ್ಲಿ ಸತ್ತಳು, ಹೆರಿಗೆಯಾದ ಸ್ವಲ್ಪ ದಿನಕ್ಕೆ. ಆಸ್ತಿ ಸಾಲ ಕೊಟ್ಟ ವಿಮಾ ಕಂಪನಿಗೆ ಹೋಯಿತು. ಅವರಿಂದ ಲಂಡನ್ನಿನ ಒಬ್ಬ ಬಿಯರ್ ವ್ಯಾಪಾರಿಗೆ.

ಆಮೇಲೆ ಬಂದವನ ಫೋಟೊ ಕಂಡು ನಾನು ಗಕ್ಕನೆ ನಿಂತೆ. ತಲೆಗೆ ಪೇಟ, ಮೀಸೆ. ಗುಜರಾತಿನ ನವಾನಗರ ಸಂಸ್ಥಾನದ ರಾಜ, ಜಾಮ್ ಸಾಹೇಬ್ ರಣಜಿತ್‌ಸಿಂಗ್, ಅಂದರೆ ನಮ್ಮ ರಂಜಿ! 1896ರಲ್ಲಿ ಇಂಗ್ಲೆಂಡ್ ಪರ ಆಡಿದ ಮೊದಲ ಟೆಸ್ಟಿನಲ್ಲೇ ಔಟಾಗದೆ 154 ಹೊಡೆದವನು. 1924ರಲ್ಲಿ ಈ ಮನೆ ಕೊಂಡ. ಬೇಟೆಯಲ್ಲಿ ಒಂದು ಕಣ್ಣು ಅಷ್ಟರಲ್ಲೇ ಹೋಗಿತ್ತು. ಉಳಿದೊಂದು ಕಣ್ಣಿಗೆ ಸಾಲ್ಮನ್ ಮೀನು ಹಿಡಿಯುವ ಹುಚ್ಚು. ಹೊಳೆಯುದ್ದಕ್ಕೂ ಗಾಳ ಹಾಕುವವರಿಗೆ ಕಟ್ಟೆಗಳನ್ನು ಕಟ್ಟಿಸಿದ, ತೋಟ ಮಾಡಿಸಿದ. ಬೇಸಿಗೆ ಮುಗಿಸಿ ಹೊರಡುವಾಗ ಕಾರುಗಳನ್ನೇ ಊರಿನವರಿಗೆ ಕೊಟ್ಟು ಹೋಗುತ್ತಿದ್ದನಂತೆ. 1933ರಲ್ಲಿ ಅವನು ಸತ್ತ. 1946ರಲ್ಲಿ ಐರಿಷ್ ಪ್ರವಾಸಿ ಮಂಡಳಿ ಕೊಂಡು ಹೋಟೆಲ್ ಮಾಡಿತು. ಹೆಚ್ಚು ಕಡಿಮೆ ಇನ್ನೂರು ವರ್ಷ ಸುತ್ತಾಡಿ ಕಟ್ಟಡ ಮತ್ತೆ ಛತ್ರವಾಯಿತು.

ಈಗ ಅಪ್ಪನಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಡಿಕ್, ಬರಗಾಲ ಯಾವುದೂ ಅವರ ಕಿವಿಗೆ ಬೀಳಲಿಲ್ಲ. "ಟ್ರೋಫಿಯ ರಂಜಿನಾ?" ಅಂದರು. ಅಲ್ಲಿಂದ 1974ಕ್ಕೆ ಹಾರಿದರು. ರಂಜಿ ಟ್ರೋಫಿಯಲ್ಲಿ ಪ್ರಸನ್ನನ ಕರ್ನಾಟಕ ತಂಡ ಬಾಂಬೆಯನ್ನು ಹೇಗೆ ಮನೆಗೆ ಕಳಿಸಿತು, ವಿಶಿ (ವಿಶ್ವನಾಥ್) ಹೇಗೆ ಆಡಿದ ಅಂತ ಇಪ್ಪತ್ತು ನಿಮಿಷ. ಮಂಗಳವಾರವಷ್ಟೇ ರಂಜಿ ಹುಟ್ಟಿದ ದಿನ ಇತ್ತು ಅನ್ನೋದೂ ಅವರಿಗೆ ಗೊತ್ತಿತ್ತು.

ಫೋನ್ ಇಡುವ ಮೊದಲು ಕೇಳಿದರು. "ಸರಿ, ಆ ಛತ್ರಕ್ಕೆ ದಿನದ ಬಾಡಿಗೆ ಎಷ್ಟಂತೆ?"